ಹಾಲು, ಬೆಣ್ಣೆ, ಮೊಟ್ಟೆ ಹಾಕದ ಹೂರಣದ ಪೇಸ್ಟ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆ ಹಂಚಿನ ಜೊತೆಗೆ ಓವನ್ ಕೂಡ ಬಿಸಿಯಾಗುತ್ತದೆ. ಇದಕ್ಕೆ ಕಾರಣ ಮಗಳು. ಅವಳಿಗೆ ಹಾಲಿನ ಅಲರ್ಜಿ. ಬೇಕರಿಯ ಗಾಜಿನ ಪೆಟ್ಟಿಗೆ ಮುಂದೆ ನಿಂತು ಪಫ್ ನೋಡುತ್ತಿದ್ದಳು. ಅದಕ್ಕೆ ಏನು ಹಾಕಿದ್ದೀರಿ ಅಂತ ಕೇಳಿದರೆ ಅಂಗಡಿಯವರಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಪ್ರತಿ ಸಲ ಅವಳ ಕೈ ಹಿಡಿದು ವಾಪಸ್ ಕರೆದುಕೊಂಡು ಬರಬೇಕಿತ್ತು. ಆಮೇಲೆ ಮನೆಯಲ್ಲೇ ಕಲಿತೆ. ಈಗ ಮನೆಯವರೆಲ್ಲ ಇದನ್ನೇ ಇಷ್ಟಪಟ್ಟು ತಿನ್ನುತ್ತೇವೆ. ಓರಗಿತ್ತಿಯರು, ಪಕ್ಕದ ಮನೆಯವರು, ಮಗಳ ಗೆಳತಿಯರ ಅಮ್ಮಂದಿರು ಫೋನ್ ಮಾಡಿ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪೇಸ್ಟ್ರಿ ಅಂದ್ರೆ ಕ್ರೀಮ್ ಕೇಕಿನ ಪೀಸ್ ಅಲ್ವಾ?

ನಮ್ಮ ಬೇಕರಿಗಳಲ್ಲಿ ಹಾಗೇ ಕರೆಯುತ್ತಾರೆ, ಹೌದು. ಆದರೆ ಪೇಸ್ಟ್ರಿ ಅನ್ನುವುದು ಮೊದಲಿಂದಲೂ ಕೊಬ್ಬು ಬೆರೆಸಿ ಮಾಡಿದ ಗರಿಗರಿ ಹಿಟ್ಟಿನ ಹೆಸರು. ಅದರೊಳಗೆ ಹೂರಣ ಇಟ್ಟು ಅಂಚು ಮುಚ್ಚಿ ಬೇಯಿಸಿದರೆ ನಾನು ಹೇಳುತ್ತಿರುವ ತಿಂಡಿ ಆಗುತ್ತದೆ. ಅಮೆರಿಕದಲ್ಲಿ ಕೆಲಾಗ್ಸ್ ಕಂಪನಿ 1964ರಲ್ಲಿ ಪಾಪ್ ಟಾರ್ಟ್ ಅಂತ ಇದರ ಒಂದು ರೂಪವನ್ನು ಮಾರುಕಟ್ಟೆಗೆ ತಂದಿತು. ಎರಡು ತೆಳು ಹಾಳೆ, ನಡುವೆ ಜಾಮ್, ಟೋಸ್ಟರಿನಲ್ಲಿ ಬಿಸಿ ಮಾಡಿದರೆ ಬೆಳಗಿನ ತಿಂಡಿ ಮುಗಿಯಿತು. ಅಲ್ಲಿರುವ ನಮ್ಮ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಇಲ್ಲಿನವರಿಗೆ ದಿಲ್‌ಪಸಂದ್ ಗೊತ್ತು, ವೆಜ್ ಪಫ್ ಗೊತ್ತು. ಎಲ್ಲ ಒಂದೇ ಬಳಗ.

ಶಿರಸಿಯಿಂದ ಬಂದಿದ್ದ ನಮ್ಮತ್ತೆ ಮೊದಲ ಸಲ ತಿಂದಾಗ ಹೇಳಿದ್ದು ಒಂದೇ ಮಾತು: "ಇದು ಕರ್ಜಿಕಾಯೇ ಅಲ್ದನೇ?" ಅವರು ಹೇಳಿದ್ದು ಸರಿ. ಮೈದಾ ಹಾಳೆ, ಒಳಗೆ ಕಾಯಿ ಬೆಲ್ಲ, ಒತ್ತಿದ ಅಂಚು. ಎಣ್ಣೆಯಲ್ಲಿ ಕರಿಯುವ ಬದಲು ಓವನ್ನಿನಲ್ಲಿ ಬೇಯಿಸುತ್ತೇವೆ, ಅಷ್ಟೇ. ಬೆಣ್ಣೆ ಇಲ್ಲದೆ ಹೂರಣದ ತಿಂಡಿ ಮಾಡುವುದು ನಮ್ಮ ಅಡುಗೆಮನೆಗೆ ಹೊಸದೇನೂ ಅಲ್ಲ.

ವೆಜ್, ಎಗ್‌ಲೆಸ್, ವೀಗನ್ ಎಲ್ಲ ಒಂದೇನಾ?

ಅಲ್ಲ. ಜನ ಜಾಸ್ತಿ ಎಡವುವುದು ಇಲ್ಲೇ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಹಾಲು, ತುಪ್ಪ, ಜೇನುತುಪ್ಪ ಎಲ್ಲಕ್ಕೂ ಸಿಗುತ್ತದೆ. ಎಗ್‌ಲೆಸ್ ಅಂದರೆ ಮೊಟ್ಟೆ ಮಾತ್ರ ಇಲ್ಲ. ನಮ್ಮ ಅಯ್ಯಂಗಾರ್ ಬೇಕರಿಗಳು ಮೊಟ್ಟೆ ಇಲ್ಲದ ತಿಂಡಿಗೆ ಹೆಸರಾದವು, ಆದರೆ ಅಲ್ಲಿ ಹಾಲು ಬೆಣ್ಣೆ ಬಳಸುತ್ತಾರೆ. ವೀಗನ್ ಅಂದರೆ ಪ್ರಾಣಿಯಿಂದ ಬಂದದ್ದು ಯಾವುದೂ ಇರಬಾರದು. ಹಾಲೂ ಇಲ್ಲ, ಜೇನೂ ಇಲ್ಲ. ಈ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಬೇರೆ ನಿಯಮ ಮಾಡಿದೆ, ಅದಕ್ಕೆ ಬೇರೆಯದೇ ಗುರುತೂ ಇದೆ. ಅಂಗಡಿಯಲ್ಲಿ ಆ ಗುರುತು ಹುಡುಕಿ. ಸಿಗದಿದ್ದರೆ ಹಿಂದೆ ಬರೆದಿರುವ ಪದಾರ್ಥಗಳ ಪಟ್ಟಿ ಓದಿ.

ಬೆಣ್ಣೆ ಇಲ್ಲದೆ ಪದರ ಬರುತ್ತಾ?

ಬರುತ್ತದೆ. ಬೆಣ್ಣೆ ಅಲ್ಲಿ ಏನು ಕೆಲಸ ಮಾಡುತ್ತದೆ ಅಂತ ಒಂದು ಸಲ ಅರ್ಥವಾದರೆ ಸಾಕು, ಆ ಕೆಲಸವನ್ನು ಬೇರೆಯದಕ್ಕೆ ಒಪ್ಪಿಸಬಹುದು.

ಗಟ್ಟಿ ಕೊಬ್ಬಿನ ಸಣ್ಣ ಸಣ್ಣ ತುಂಡುಗಳು ಹಿಟ್ಟಿನೊಳಗೆ ಕರಗದೆ ಕೂತಿರಬೇಕು. ಲಟ್ಟಿಸಿದಾಗ ಆ ತುಂಡುಗಳು ಚಪ್ಪಟೆಯಾಗಿ ಹಿಟ್ಟಿನ ನಡುವೆ ಹಾಳೆಗಳಂತೆ ಹರಡುತ್ತವೆ. ಓವನ್ನಿನ ಬಿಸಿಗೆ ಕೊಬ್ಬು ಕರಗುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಅದೇ ಹೊತ್ತಿಗೆ ಹಿಟ್ಟಿನ ನೀರು ಹಬೆಯಾಗಿ ಆ ಸಂದಿಯನ್ನು ಉಬ್ಬಿಸುತ್ತದೆ. ಮೇಲಿನ ಹಾಳೆ ಒಂದು ಕಡೆ, ಕೆಳಗಿನ ಹಾಳೆ ಒಂದು ಕಡೆ. ಚಿರೋಟಿಗೆ ಹಾಳೆಗಳ ನಡುವೆ ಪೇಸ್ಟ್ ಸವರುತ್ತೇವಲ್ಲ, ಅದರ ಹಿಂದಿನ ಲೆಕ್ಕವೂ ಇದೇ.

ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು. ತೆಂಗಿನೆಣ್ಣೆ ಪೂರ್ತಿ ಕೊಬ್ಬು. ಹಾಗಾಗಿ ಬೆಣ್ಣೆಯ ಅಳತೆಯನ್ನೇ ಹಾಕಿದರೆ ಜಿಡ್ಡು ಜಾಸ್ತಿ, ಹಬೆ ಕಡಿಮೆ. ಎಣ್ಣೆ ಸ್ವಲ್ಪ ಕಡಿಮೆ ಮಾಡಿ, ನೀರು ಒಂದೆರಡು ಚಮಚ ಜಾಸ್ತಿ ಹಾಕಿ. ಇದನ್ನು ತಿದ್ದಿಕೊಂಡ ದಿನ ನನ್ನ ಪೇಸ್ಟ್ರಿ ಸರಿಯಾಯಿತು.

ಯಾವ ಕೊಬ್ಬು ಒಳ್ಳೆಯದು?

ನನ್ನ ಆಯ್ಕೆ ತೆಂಗಿನೆಣ್ಣೆ. ಅಡುಗೆಗೆ ಬಳಸುವಂಥದ್ದೇ ಆಗಬೇಕು, ತಲೆಗೆ ಹಚ್ಚುವ ಬಾಟಲಿ ಬೇಡ. ಕಾಯಿ ಹೂರಣಕ್ಕೆ ಗಾಣದ ಎಣ್ಣೆಯ ಘಮ ಚೆನ್ನಾಗಿ ಹೊಂದುತ್ತದೆ. ಆಲೂ ಪಲ್ಯಕ್ಕೋ ಸ್ಟ್ರಾಬೆರಿಗೋ ಆ ವಾಸನೆ ಬೇಡ ಅನಿಸಿದರೆ ವಾಸನೆ ತೆಗೆದ ರಿಫೈಂಡ್ ತೆಂಗಿನೆಣ್ಣೆ ತನ್ನಿ.

ಡಾಲ್ಡಾ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ವನಸ್ಪತಿ ಗಿಡದ ಎಣ್ಣೆಯಿಂದಲೇ ಮಾಡಿದ್ದು, ಪದರವೂ ಚೆನ್ನಾಗಿ ಬರುತ್ತದೆ. ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ (ಹೃದಯಕ್ಕೆ ಕೆಟ್ಟದ್ದು ಮಾಡುವ ಕೊಬ್ಬು) ನೂರಕ್ಕೆ 2 ಭಾಗ ಮೀರಬಾರದು ಅಂತ 2022ರ ಜನವರಿಯಿಂದ ಕಾನೂನೂ ಇದೆ. ಆದರೂ ನನಗೆ ಅದರ ರುಚಿ ಹಿಡಿಸುವುದಿಲ್ಲ, ಆರಿದ ಮೇಲೆ ಬಾಯಿಯ ಮೇಲಂಗಳಕ್ಕೆ ಮೇಣದ ಹಾಗೆ ಅಂಟುತ್ತದೆ. ಮಾರ್ಗರೀನ್ ತರುವಾಗ ಹುಷಾರು, ಕೆಲವಕ್ಕೆ ಹಾಲಿನ ಅಂಶ ಸೇರಿಸಿರುತ್ತಾರೆ. ವೀಗನ್ ಬೆಣ್ಣೆ ಸಿಕ್ಕಿದರೆ ಕೆಲಸ ಸುಲಭ, ಬೆಲೆ ಮಾತ್ರ ಜಾಸ್ತಿ.

ಬರೀ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡಿದರೆ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗುವ ಹಿಟ್ಟು ಬರುತ್ತದೆ. ರುಚಿಗೆ ಮೋಸವಿಲ್ಲ, ಪದರ ಬರುವುದಿಲ್ಲ.

ಅಳತೆ ಹೇಳಿ.

8 ಪೇಸ್ಟ್ರಿಗೆ ನಾನು ಹಾಕುವುದು ಇಷ್ಟು:

ಮೈದಾ 250 ಗ್ರಾಂ (ಮಾಮೂಲಿ ಅಳತೆ ಕಪ್ಪಿನಲ್ಲಿ ಸುಮಾರು 2 ಕಪ್)
ಗಟ್ಟಿಯಾದ ತೆಂಗಿನೆಣ್ಣೆ 100 ಗ್ರಾಂ
ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ 20 ಗ್ರಾಂ
ಸಕ್ಕರೆ 1 ದೊಡ್ಡ ಚಮಚ (ಖಾರದ ಹೂರಣಕ್ಕಾದರೆ 1 ಸಣ್ಣ ಚಮಚ)
ಉಪ್ಪು ಅರ್ಧ ಸಣ್ಣ ಚಮಚ
ಫ್ರಿಜ್ಜಿನ ತಣ್ಣೀರು 60ರಿಂದ 75 ಮಿ.ಲೀ.
ನಿಂಬೆರಸ 1 ಸಣ್ಣ ಚಮಚ

ಮೊದಲು ತೆಂಗಿನೆಣ್ಣೆಯನ್ನು ಕರಗಿಸಿ, ಎಣ್ಣೆಗಳೆರಡನ್ನೂ ಬೆರೆಸಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಸುರಿದು ಫ್ರಿಜ್ಜಿನಲ್ಲಿಡಿ. ಅರ್ಧ ಗಂಟೆಯಲ್ಲಿ ಬಿಳಿ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಕೊಬ್ಬರಿ ಮಿಠಾಯಿ ಕತ್ತರಿಸಿದ ಹಾಗೆ ಚಾಕುವಿನಲ್ಲಿ ಚೌಕ ಮಾಡಿ ಎಬ್ಬಿಸಿ. ಬರೀ ತೆಂಗಿನೆಣ್ಣೆ ಫ್ರಿಜ್ಜಿನಲ್ಲಿ ಕಲ್ಲಿನಂತಾಗುತ್ತದೆ, ಲಟ್ಟಿಸುವಾಗ ಒಡೆಯುತ್ತದೆ. ಆ 20 ಗ್ರಾಂ ಬೇರೆ ಎಣ್ಣೆ ಹಾಕುವುದು ಅದನ್ನು ಸ್ವಲ್ಪ ಮೆತ್ತಗಾಗಿಸಲು.

ಮೈದಾ, ಉಪ್ಪು, ಸಕ್ಕರೆ ಜರಡಿ ಹಿಡಿದು ಅಗಲ ಪಾತ್ರೆಗೆ ಹಾಕಿ. ಎಣ್ಣೆ ತುಂಡು ಸೇರಿಸಿ ಬೆರಳ ತುದಿಯಲ್ಲಿ ಮಾತ್ರ ಉಜ್ಜಿ. ಅಂಗೈ ತಾಗಿಸಬೇಡಿ, ಅಂಗೈಯಲ್ಲಿ ಬಿಸಿ ಜಾಸ್ತಿ. ಒಂದೆರಡು ನಿಮಿಷಕ್ಕೆ ನಿಲ್ಲಿಸಿ ನೋಡಿ: ಕೆಲವು ತುಂಡು ಹುರಿಗಡಲೆಯಷ್ಟು, ಕೆಲವು ದಪ್ಪ ಅವಲಕ್ಕಿಯಷ್ಟು, ಉಳಿದದ್ದು ಒರಟು ರವೆ. ಹೀಗೆ ಕಂಡರೆ ಕೈ ತೆಗೆಯಿರಿ. ಪೂರ್ತಿ ರವೆಯಾಗುವವರೆಗೆ ಉಜ್ಜಿದರೆ ಪದರ ಹೋಯಿತು.

ನಿಂಬೆರಸ ಬೆರೆಸಿದ ತಣ್ಣೀರನ್ನು ಚಮಚ ಚಮಚವಾಗಿ ಚಿಮುಕಿಸಿ ಹಿಟ್ಟನ್ನು ಒಟ್ಟು ಮಾಡಿ. ನಾದಬೇಡಿ. ಚಪಾತಿಗೆ ನಾದಿ ನಾದಿ ಅಭ್ಯಾಸವಾದ ಕೈಗೆ ಇದು ಕಷ್ಟ, ಗೊತ್ತು. ನಾದಿದಷ್ಟೂ ಹಿಟ್ಟಿಗೆ ಜಿಗುಟು ಬರುತ್ತದೆ, ಪೇಸ್ಟ್ರಿ ಅಗಿಯಲು ಗಟ್ಟಿಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತರೆ ಸಾಕು. ಅದನ್ನು ಆಯತಾಕಾರಕ್ಕೆ ತಟ್ಟಿ, ಡಬ್ಬದಲ್ಲಿ ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಆಮೇಲೆ ಉದ್ದಕ್ಕೆ ಲಟ್ಟಿಸಿ, ಕಾಗದ ಮಡಚಿದ ಹಾಗೆ ಮೂರು ಮಡಿಕೆ ಮಾಡಿ. ಪಕ್ಕಕ್ಕೆ ತಿರುಗಿಸಿ ಮತ್ತೆ ಲಟ್ಟಿಸಿ, ಮತ್ತೆ ಮೂರು ಮಡಿಕೆ. ಎರಡು ಸಲಕ್ಕೆ 9 ಪದರ, ಮೂರನೇ ಸಲಕ್ಕೆ 27. ಬೆಳಗಿನ ತಿಂಡಿಗೆ ಎರಡು ಸಲ ಸಾಕು. ಇನ್ನೊಂದು 20 ನಿಮಿಷ ಫ್ರಿಜ್ಜಿನಲ್ಲಿಟ್ಟು, ಕೊನೆಗೆ 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ 10 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ 16 ತುಂಡು ಮಾಡಿ. ಅಂಚಿನ ಚೂರು ಸೇರಿಸಿ ಮತ್ತೆ ಲಟ್ಟಿಸಿದರೆ ಲೆಕ್ಕ ಸರಿಹೋಗುತ್ತದೆ. ಒಂದು ತುಂಡಿನ ಮೇಲೆ 1 ದೊಡ್ಡ ಚಮಚ ಹೂರಣ, ಸುತ್ತ 1 ಸೆಂ.ಮೀ. ಬಿಟ್ಟು ಹರಡಿ. ಅಂಚಿಗೆ ನೀರು ಸವರಿ ಇನ್ನೊಂದು ತುಂಡು ಮುಚ್ಚಿ, ಫೋರ್ಕಿನಲ್ಲಿ ಸುತ್ತ ಒತ್ತಿ, ಮೇಲೆ ನಾಲ್ಕೈದು ತೂತು ಮಾಡಿ. ತಟ್ಟೆ ಸಮೇತ 15 ನಿಮಿಷ ಫ್ರಿಜ್ಜಿನಲ್ಲಿಟ್ಟು, ಮೊದಲೇ ಬಿಸಿ ಮಾಡಿದ ಓವನ್ನಿನಲ್ಲಿ 190 ಡಿಗ್ರಿಗೆ 22ರಿಂದ 25 ನಿಮಿಷ ಬೇಯಿಸಿ.

ಬೇಸಿಗೆಯಲ್ಲಿ ಹಿಟ್ಟು ಅಂಟಂಟಾಗುತ್ತದೆ. ಏನು ಮಾಡಲಿ?

ತೆಂಗಿನೆಣ್ಣೆ ಕರಗುವುದು ಸುಮಾರು 24, 25 ಡಿಗ್ರಿಗೆ. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಏಪ್ರಿಲ್‌ನಲ್ಲಿ ನೀರಿನ ಹಾಗೆ ಓಡುತ್ತದೆ. ಮಂಗಳೂರು, ಕಲಬುರಗಿ, ಬಳ್ಳಾರಿಯವರಿಗಂತೂ ಹೇಳುವುದೇ ಬೇಡ.

ನಾನು ಮೊದಲ ಸಲ ಮಾಡಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಉಜ್ಜುತ್ತಾ ಉಜ್ಜುತ್ತಾ ಎಣ್ಣೆಯೆಲ್ಲ ಕರಗಿ ಹಿಟ್ಟು ಹೋಳಿಗೆಯ ಕಣಕದಂತೆ ಮಿದುವಾಯಿತು, ಮಣೆಯ ಮೇಲೆ ಜಿಡ್ಡು ಹೊಳೆಯಿತು. ಹಾಗೇ ಬೇಯಿಸಿದೆ. ಎಲ್ಲವೂ ಟ್ರೇ ತುಂಬ ಹರಡಿ ಗಟ್ಟಿ ಹಪ್ಪಳವಾದವು. ಮಗಳು ಕಾಯುತ್ತಾ ಕೂತಿದ್ದಳು, ನನಗೆ ತುಂಬಾ ಬೇಜಾರಾಯಿತು. ಪದಾರ್ಥದಲ್ಲಿ ತಪ್ಪಿರಲಿಲ್ಲ, ಹೊತ್ತು ತಪ್ಪಾಗಿತ್ತು.

ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಮುಂಚೆ ಅಥವಾ ರಾತ್ರಿ ಊಟವಾದ ಮೇಲೆ ಹಿಟ್ಟು ಮಾಡುತ್ತೇನೆ. ಮೈದಾ, ಪಾತ್ರೆ, ಲಟ್ಟಣಿಗೆ ಮೂರನ್ನೂ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಲ್ಲಿಡುತ್ತೇನೆ. ಮರದ ಮಣೆಗಿಂತ ಗ್ರಾನೈಟ್ ಕಟ್ಟೆ ತಂಪು, ಅಲ್ಲೇ ಲಟ್ಟಿಸಿ. ಹಿಟ್ಟಿನ ಮೇಲೆ ಹೊಳಪು ಕಂಡ ಕೂಡಲೇ ಕೆಲಸ ನಿಲ್ಲಿಸಿ ಹತ್ತು ನಿಮಿಷ ಫ್ರಿಜ್ಜಿಗೆ ಹಾಕಿ. ಒಣಹಿಟ್ಟು ಉದುರಿಸಿ ಸರಿಮಾಡಲು ಹೋಗಬೇಡಿ, ಹಿಟ್ಟು ಒಣಗಿ ಗಟ್ಟಿಯಾಗುತ್ತದೆ. ಫ್ಯಾನ್ ಕೆಳಗೆ ಕೂತು ಮಾಡಿದರೆ ಆಗಲ್ವಾ ಅಂದರೆ, ಆಗಲ್ಲ. ಹಿಟ್ಟಿನ ಮೇಲ್ಮೈ ಒಣಗುತ್ತದೆ, ಒಳಗಿನ ಎಣ್ಣೆ ಕರಗುವುದು ತಪ್ಪುವುದಿಲ್ಲ.

ನನ್ನದು ಉಲ್ಟಾ. ಫ್ರಿಜ್ಜಿನಿಂದ ತೆಗೆದರೆ ಬಿರುಕು ಬಿಡುತ್ತದೆ.

ತುಂಬಾ ತಣ್ಣಗಾಗಿದೆ. ಹೊರಗೆ ಐದರಿಂದ ಹತ್ತು ನಿಮಿಷ ಬಿಡಿ. ಬೆರಳಿನಲ್ಲಿ ಒತ್ತಿದರೆ ಗುರುತು ಬೀಳಬೇಕು, ಬೆರಳು ಒಳಗೆ ಹೋಗಬಾರದು. ಲಟ್ಟಿಸುವ ಮೊದಲು ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಅಗಲ ಮಾಡಿ. ಆಗಲೂ ಅಂಚು ಒಡೆದರೆ ನೀರು ಕಡಿಮೆಯಾಗಿದೆ ಅಂತ ಅರ್ಥ, ಒದ್ದೆ ಕೈಯಿಂದ ಸವರಿ ಕೂಡಿಸಿ.

ಒಳಗೆ ಏನೇನು ತುಂಬಬಹುದು?

ನನಗೆ ಬರೆಯಲು ತುಂಬಾ ಇಷ್ಟವಾದ ಪ್ರಶ್ನೆ ಇದು. ಎಲ್ಲರೂ ಅಂಗಡಿ ಜಾಮ್ ಡಬ್ಬ ಹುಡುಕುತ್ತಾರೆ. ಜಾಮಿಗಿಂತ ನಮ್ಮ ಹೂರಣವೇ ಈ ಕೆಲಸಕ್ಕೆ ಸರಿ. ಯಾಕೆಂದರೆ ಹೂರಣ ಕುದಿದು ಹರಿಯುವುದಿಲ್ಲ, ಇಟ್ಟಲ್ಲೇ ಕೂತಿರುತ್ತದೆ. ಬೆಂದ ಪೇಸ್ಟ್ರಿಯನ್ನು ಅಡ್ಡ ಮುರಿದರೆ ಮೇಲೆ ಕಂದು ಹಾಳೆ, ಕೆಳಗೆ ಕಂದು ಹಾಳೆ, ನಡುವೆ ಹೊಂಬಣ್ಣದ ಒಂದು ಗೆರೆ.

ಕಾಯಿ ಹೂರಣಕ್ಕೆ ಒಂದು ಕಪ್ ಹಸಿ ತೆಂಗಿನತುರಿ, ಅರ್ಧ ಕಪ್ ಪುಡಿಬೆಲ್ಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೆದಕಿ. ಬೆಲ್ಲ ಕರಗಿ ನೀರಾಗಿ, ಮತ್ತೆ ಗಟ್ಟಿಯಾಗಿ, ತಳ ಬಿಟ್ಟು ಒಟ್ಟಿಗೆ ಬರುವ ಹೊತ್ತಿಗೆ ಇಳಿಸಿ. ಹುರಿದ ಗಸಗಸೆ ಒಂದು ಚಮಚ, ಹುರಿಗಡಲೆ ಪುಡಿ ಒಂದು ಚಮಚ, ಏಲಕ್ಕಿ. ಹುರಿಗಡಲೆ ಪುಡಿ ಸುಮ್ನೆ ರುಚಿಗೆ ಹಾಕುವುದಲ್ಲ, ಉಳಿದ ಪಸೆಯನ್ನು ಅದು ಹೀರುತ್ತದೆ. ಪೂರ್ತಿ ಆರಿದ ಮೇಲೇ ತುಂಬಿ.

ಬೇಳೆ ಹೂರಣಕ್ಕೆ ಅರ್ಧ ಕಪ್ ಕಡಲೆಬೇಳೆ ಬೇಯಿಸಿ ಕಟ್ಟು ಪೂರ್ತಿ ಬಸಿದುಕೊಳ್ಳಿ. ಅರ್ಧ ಕಪ್ ಬೆಲ್ಲ ಹಾಕಿ ಮಗುಚಿ, ಗಟ್ಟಿಯಾದ ಮೇಲೆ ರುಬ್ಬಿ. ಕಟ್ಟನ್ನು ಚೆಲ್ಲಬೇಡಿ, ಮಧ್ಯಾಹ್ನಕ್ಕೆ ಹೋಳಿಗೆ ಸಾರು ಆಯಿತು. ಯುಗಾದಿಯ ಮಾರನೆಯ ದಿನ ಉಳಿದ ಹೂರಣಕ್ಕೆ ಇದಕ್ಕಿಂತ ಒಳ್ಳೆಯ ಗತಿ ನನಗೆ ಗೊತ್ತಿಲ್ಲ.

ಹಲಸಿನ ಕಾಲದಲ್ಲಿ ಅತ್ತೆ ಕಡುಬಿಗೆ ಮಾಡುವ ಹಾಗೆ ತೊಳೆಗಳನ್ನು ಹೆಚ್ಚಿ ರುಬ್ಬಿ, ಬೆಲ್ಲ ಹಾಕಿ ಮುದ್ದೆಯಾಗುವವರೆಗೆ ಕಾಯಿಸುತ್ತೇನೆ. ಸೀಬೆಹಣ್ಣು ತಾನೇ ಗಟ್ಟಿಯಾಗುವ ಗುಣದ್ದು, ಅದರಲ್ಲಿ ಪೆಕ್ಟಿನ್ (ಜಾಮನ್ನು ಗಟ್ಟಿಯಾಗಿಸುವ ಹಣ್ಣಿನ ಅಂಶ) ಜಾಸ್ತಿ. ಬೀಜ ಸೋಸಿ ಸಕ್ಕರೆ ಹಾಕಿ ಕಾಯಿಸಿದರೆ ಚೆನ್ನಾಗಿ ನಿಲ್ಲುತ್ತದೆ. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆ, ನಿಂಬೆರಸ ಮತ್ತು ಕಾರ್ನ್‌ಫ್ಲೋರ್ ಬೇಕೇ ಬೇಕು. ಮಾವಿನಹಣ್ಣನ್ನು ಹಸಿಯಾಗಿ ತುಂಬಬೇಡಿ, ರಸ ಬತ್ತಿಸಿ.

ಖಾರ ಬೇಕಾದವರಿಗೆ ಮಸಾಲೆ ದೋಸೆಯ ಆಲೂ ಪಲ್ಯ. ನೀರು ಹಾಕದೆ ಒಣಗಿಸಿ, ಕರಿಬೇವನ್ನು ಸಣ್ಣಗೆ ಹೆಚ್ಚಿ, ಇಲ್ಲದಿದ್ದರೆ ಕಚ್ಚುವಾಗ ಎಳೆಯಂತೆ ಈಚೆ ಬರುತ್ತದೆ. ಹಸಿ ಬಟಾಣಿ ಕಾಲದಲ್ಲಿ ಬಟಾಣಿ, ಅವರೆ ಕಾಲದಲ್ಲಿ ಹಿತಕಿದವರೆ ಬೇಳೆ ಉಸಲಿ. ಹಿತಕಿದವರೆ ಪೇಸ್ಟ್ರಿ ಮಾಡಿದ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರನ್ನೂ ಎರಡು ಸಲ ಎಬ್ಬಿಸಬೇಕಾಗಿಲ್ಲ.

ಜಾಮ್ ಹೊರಗೆ ಹರಿದು ಟ್ರೇ ಎಲ್ಲ ಕಪ್ಪಾಗುತ್ತದೆ.

ಜಾಮ್ ಬಿಸಿಗೆ ತೆಳುವಾಗಿ ಕುದಿಯುತ್ತದೆ. ಅರ್ಧ ಕಪ್ ಜಾಮಿಗೆ ಎರಡು ಸಣ್ಣ ಚಮಚ ಕಾರ್ನ್‌ಫ್ಲೋರನ್ನು ಸ್ವಲ್ಪ ನೀರಿನಲ್ಲಿ ಕದಡಿ ಹಾಕಿ, ಒಂದೆರಡು ನಿಮಿಷ ಕುದಿಸಿ ಆರಿಸಿ. ಇದಾದ ಮೇಲೂ ಸೋರಿದರೆ ಮೂರು ಕಾರಣ ನೋಡಿ: ಹೂರಣ ಜಾಸ್ತಿ ಇಟ್ಟಿದ್ದೀರಿ, ಅಂಚಿಗೆ ಹೂರಣದ ಜಿಡ್ಡು ತಾಗಿದೆ, ಅಥವಾ ಮೇಲೆ ತೂತು ಮಾಡಿಲ್ಲ. ತೂತಿಲ್ಲದಿದ್ದರೆ ಹಬೆ ಅಂಚನ್ನು ಬಿಚ್ಚಿಕೊಂಡೇ ಹೊರಗೆ ಬರುತ್ತದೆ. ಟ್ರೇಗೆ ಬಟರ್ ಪೇಪರ್ ಹಾಕಿದರೆ ತೊಳೆಯುವ ಕಷ್ಟ ತಪ್ಪುತ್ತದೆ.

ಮೊಟ್ಟೆ ಸವರದೆ ಬಣ್ಣ ಹೇಗೆ ಬರುತ್ತದೆ?

ಸೋಯಾ ಹಾಲು ಎರಡು ಚಮಚ, ಎಣ್ಣೆ ಅರ್ಧ ಚಮಚ, ಬೆಲ್ಲದ ನೀರು ಅರ್ಧ ಚಮಚ. ಕಲಸಿ ಬ್ರಶ್ಶಿನಲ್ಲಿ ತೆಳ್ಳಗೆ ಸವರಿ. ಸೋಯಾದಲ್ಲಿ ಪ್ರೋಟೀನ್ ಇರುವುದರಿಂದ ಬೆಲ್ಲದ ಜೊತೆ ಸೇರಿ ಬಿಸಿಗೆ ಚೆನ್ನಾಗಿ ಕಂದಾಗುತ್ತದೆ. ತೆಂಗಿನಹಾಲಿನಲ್ಲಿ ಆ ಬಣ್ಣ ಅಷ್ಟು ಬರುವುದಿಲ್ಲ. ಮನೆಯಲ್ಲೇ ಸೋಯಾ ಹಾಲು ಮಾಡುವವರು ಕಾಳನ್ನು ಎಂಟು ಗಂಟೆ ನೆನೆಸಿ, ರುಬ್ಬಿ, ಸೋಸಿ, 15, 20 ನಿಮಿಷ ಚೆನ್ನಾಗಿ ಕುದಿಸಲೇಬೇಕು. ಹಸಿ ಸೋಯಾ ಹೊಟ್ಟೆಗೆ ಆಗುವುದಿಲ್ಲ.

ಮೇಲೆ ಬಿಳಿ ಐಸಿಂಗ್ ಬೇಕು ಅಂತ ಮಕ್ಕಳು ಕೇಳಿದರೆ ಅರ್ಧ ಕಪ್ ಸಕ್ಕರೆ ಪುಡಿಗೆ ಎರಡು ಸಣ್ಣ ಚಮಚ ನೀರೋ ನಿಂಬೆರಸವೋ ಹಾಕಿ ಕಲಸಿ. ಪೇಸ್ಟ್ರಿ ಪೂರ್ತಿ ಆರಿದ ಮೇಲೆ ಸವರಿ.

ಓವನ್ ಇಲ್ಲ. ಮಾಡಬಹುದಾ?

ಮಾಡಬಹುದು. ದಪ್ಪ ತಳದ ಹಳೆಯ ಬಾಣಲೆಯಲ್ಲಿ ಒಂದು ಇಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹದ ಉರಿಯಲ್ಲಿ 15 ನಿಮಿಷ ಕಾಯಿಸಿ. ತಟ್ಟೆಯಲ್ಲಿ ಪೇಸ್ಟ್ರಿ ಜೋಡಿಸಿ ಒಳಗಿಟ್ಟು 30ರಿಂದ 35 ನಿಮಿಷ ಬೇಯಿಸಿ. ಮೇಲಿಂದ ಬಿಸಿ ಬರುವುದಿಲ್ಲವಾದ್ದರಿಂದ ಮುಕ್ಕಾಲು ಬೆಂದಾಗ ಮಗುಚಿ ಹಾಕಿ. ಮುಚ್ಚಳದ ನೀರು ತೊಟ್ಟಿಕ್ಕದಂತೆ ಒಂದೆರಡು ಸಲ ಒರೆಸಿ. ಏರ್ ಫ್ರೈಯರ್ ಇದ್ದರೆ 170 ಡಿಗ್ರಿಗೆ 12ರಿಂದ 15 ನಿಮಿಷ, ನಡುವೆ ಒಂದು ಸಲ ತಿರುಗಿಸಿ. ಓವನ್ನಿನಷ್ಟು ಪದರ ಬಾಣಲೆಯಲ್ಲಿ ಏಳುವುದಿಲ್ಲ, ರುಚಿ ಚೆನ್ನಾಗಿಯೇ ಇರುತ್ತದೆ.

ಮೈದಾ ಬೇಡ. ಗೋಧಿ, ರಾಗಿ ಆಗುತ್ತಾ?

ಗೋಧಿ ಹಿಟ್ಟು ಅರ್ಧ, ಮೈದಾ ಅರ್ಧ ಚೆನ್ನಾಗಿ ಬರುತ್ತದೆ. ನೀರು ಒಂದೆರಡು ಚಮಚ ಜಾಸ್ತಿ ಬೇಕು. ಪೂರ್ತಿ ಗೋಧಿಯಲ್ಲಿ ಮಾಡಿದರೆ ಪದರ ಕಡಿಮೆ, ಆದರೆ ಬೇಳೆ ಹೂರಣದ ಜೊತೆ ನನಗೆ ಅದೂ ಇಷ್ಟ. ರಾಗಿಯಲ್ಲಿ ಅಂಟಿಲ್ಲ, ಹಾಗಾಗಿ ಕಾಲು ಭಾಗಕ್ಕಿಂತ ಜಾಸ್ತಿ ಹಾಕಬೇಡಿ.

ತಳ ಹಸಿಹಸಿ ಇರುತ್ತದೆ.

ಹೂರಣ ಬಿಸಿ ಇದ್ದಾಗ ತುಂಬಿರಬೇಕು, ಅಥವಾ ಓವನ್ ಕಾಯುವ ಮುಂಚೆ ಇಟ್ಟಿರಬೇಕು. ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಕೆಳಗಿನ ಹಂತದಲ್ಲಿಡಿ, ಮೇಲಿನದು ಕೆಳಗಿನದು ಎರಡೂ ಕಾಯಿಲ್ ಹಾಕಿ. ಬೆಂದ ಮೇಲೆ ಟ್ರೇಯಲ್ಲೇ ಬಿಡದೆ ಜಾಲರಿ ಮೇಲೆ ಆರಿಸಿ. ಬಿಸಿ ಇರುವಾಗ ಡಬ್ಬ ಮುಚ್ಚಿದರೆ ಎಲ್ಲ ಕೆಲಸ ಹಾಳು.

ಶಾಲೆ, ಆಫೀಸ್ ದಿನಗಳಲ್ಲಿ ಬೆಳಿಗ್ಗೆ ಇಷ್ಟೆಲ್ಲ ಯಾರು ಮಾಡ್ತಾರೆ?

ಬೆಳಿಗ್ಗೆ ಮಾಡಬೇಡಿ. ಭಾನುವಾರ ಎರಡು ಪಟ್ಟು ಮಾಡಿ, ಅರ್ಧವನ್ನು ಹಸಿಯಾಗಿಯೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಡಬ್ಬಕ್ಕೆ ತುಂಬಿ. ಒಂದು ತಿಂಗಳು ಚೆನ್ನಾಗಿರುತ್ತವೆ. ಬೇಕಾದಾಗ ಕರಗಿಸದೆ ನೇರವಾಗಿ ಓವನ್ನಿಗೆ ಹಾಕಿ, ಐದಾರು ನಿಮಿಷ ಜಾಸ್ತಿ ಬೇಯಿಸಿ. ನೀವು ಸ್ನಾನ ಮುಗಿಸಿ ಬರುವಷ್ಟರಲ್ಲಿ ತಿಂಡಿ ರೆಡಿ. ಬೆಂದ ಪೇಸ್ಟ್ರಿ ಒಂದು ದಿನ ಹೊರಗೆ ಇರುತ್ತದೆ. ಹಸಿ ಕಾಯಿಯದ್ದು, ಆಲೂಗಡ್ಡೆಯದ್ದು ಅಷ್ಟು ಹೊತ್ತು ಇಡಬೇಡಿ, ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ಬಿಸಿ ಮಾಡಿ. ಮೈಕ್ರೋವೇವ್ ಬೇಡ, ಮೆತ್ತಗಾಗುತ್ತದೆ. ದೋಸೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಿದರೆ ಮತ್ತೆ ಗರಿಗರಿ.

ಸಕ್ಕರೆ, ಬೆಲ್ಲ ವೀಗನ್ನೇನಾ?

ಹೊರದೇಶದಲ್ಲಿರುವವರು ಇದನ್ನು ಕೇಳುತ್ತಾರೆ, ಕೇಳಲು ಕಾರಣವೂ ಇದೆ. ಅಮೆರಿಕದಂಥ ಕಡೆ ಕೆಲವು ಕಬ್ಬಿನ ಸಕ್ಕರೆಯನ್ನು ಮೂಳೆಯ ಇದ್ದಿಲಿನಲ್ಲಿ ಸೋಸಿ ಬಿಳಿ ಮಾಡುತ್ತಾರೆ. ಅಲ್ಲಿ ಬೀಟ್ ಸಕ್ಕರೆ ಅಥವಾ ಆರ್ಗ್ಯಾನಿಕ್ ಸಕ್ಕರೆ ತೆಗೆದುಕೊಂಡರೆ ಯೋಚನೆ ಇಲ್ಲ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಸುಣ್ಣ ಮತ್ತು ಗಂಧಕ ಬಳಸಿ ಶುದ್ಧ ಮಾಡುತ್ತಾರೆ. ಬೆಲ್ಲವಂತೂ ಕಬ್ಬಿನ ಹಾಲು ಕಾಯಿಸಿದ್ದೇ. ಹಳೆಯ ಆಲೆಮನೆಗಳಲ್ಲಿ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಹೊರದೇಶದಲ್ಲಿ ಜಾಮ್, ಬಣ್ಣದ ಸಕ್ಕರೆ ಕಾಳು ಕೊಳ್ಳುವಾಗ ಇ120 ಅಂತ ಬರೆದಿದ್ದರೆ ಬಿಡಿ, ಆ ಕೆಂಪು ಬಣ್ಣ ಹುಳುವಿನಿಂದ ತೆಗೆದದ್ದು. ಜೆಲಾಟಿನ್ ಇದ್ದರೂ ಬಿಡಿ.

ಮಗುವಿಗೆ ಹಾಲಿನ ಅಲರ್ಜಿ. ವೀಗನ್ ಅಂತ ಬರೆದಿದ್ದರೆ ನಂಬಬಹುದಾ?

ಇದನ್ನು ತಾಯಿಯಾಗಿ ಹೇಳುತ್ತಿದ್ದೇನೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ, ಅಲರ್ಜಿ ಬೇರೆ. ಅಲರ್ಜಿ ಇರುವ ಮಗುವಿಗೆ ಚೂರು ತಾಗಿದರೂ ಅಪಾಯ ಆಗಬಹುದು. ವೀಗನ್ ಗುರುತು ಇದ್ದರೂ ಅದೇ ಯಂತ್ರದಲ್ಲಿ ಹಾಲಿನ ಪದಾರ್ಥ ಮಾಡಿರಬಹುದು, ಹಾಲಿನ ಅಂಶ ಇರಬಹುದು ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಓದಿ. ಕೇಸಿನ್, ವೇ, ಹಾಲಿನ ಪುಡಿ ಇವೆಲ್ಲ ಹಾಲೇ. ಡಾರ್ಕ್ ಚಾಕೊಲೇಟಿನಲ್ಲೂ ಹಾಲು ಇರಬಹುದು. ಮನೆಯಲ್ಲಿ ತುಪ್ಪ ಸವರಿದ ಬ್ರಶ್ಶನ್ನು ಇದಕ್ಕೆ ಬಳಸಬೇಡಿ, ಬೇರೆಯದೇ ಇಡಿ. ಬಾದಾಮಿ, ಗೋಡಂಬಿ, ಸೋಯಾ ಕೂಡ ಕೆಲವು ಮಕ್ಕಳಿಗೆ ಆಗುವುದಿಲ್ಲ. ಬೇರೆಯವರ ಮಗುವಿಗೆ ಕೊಡುವ ಮುಂಚೆ ಅವರ ಅಮ್ಮನನ್ನು ಕೇಳಿ.

ಹಾಲಿಲ್ಲ ಅಂದ್ರೆ ದಿನಾ ತಿನ್ನಬಹುದು, ಅಲ್ವಾ?

ಬೇಡ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ಸ್ಯಾಚುರೇಟೆಡ್, ಅಂದರೆ ಮಿತಿಯಲ್ಲಿ ತಿನ್ನಬೇಕಾದ ಬಗೆಯ ಕೊಬ್ಬು. ಜೊತೆಗೆ ಮೈದಾ, ಸಿಹಿ. ವಾರಕ್ಕೊಮ್ಮೆಯ ತಿಂಡಿ ಇದು. ಅದಕ್ಕೇ ಭಾನುವಾರ.

ಅಂಚು ಕತ್ತರಿಸಿದ ಹಿಟ್ಟಿನ ಚೂರು ಏನು ಮಾಡಲಿ?

ಉಂಡೆ ಮಾಡಿ ಒತ್ತಬೇಡಿ, ಪದರ ಹಾಳಾಗುತ್ತದೆ. ಒಂದರ ಮೇಲೊಂದು ಜೋಡಿಸಿ ಒಂದೇ ಸಲ ಲಟ್ಟಿಸಿ. ಎಲ್ಲ ತುಂಡು ಕತ್ತರಿಸಿ ಆದ ಮೇಲೂ ಒಂದಿಷ್ಟು ಪಟ್ಟಿ ಉಳಿಯುತ್ತದೆ. ಅವಕ್ಕೆ ನೀರು ಸವರಿ ಎಳ್ಳು, ಸಕ್ಕರೆ ಉದುರಿಸಿ ತಿರುಚಿ, ಟ್ರೇಯ ಮೂಲೆಯಲ್ಲಿಡಿ. ತೆಳುವಾಗಿರುವುದರಿಂದ ಉಳಿದವುಗಳಿಗಿಂತ ಹತ್ತು ನಿಮಿಷ ಮುಂಚೆ ಬೇಯುತ್ತವೆ. ಓವನ್ ಬಾಗಿಲು ತೆಗೆದು ಅವನ್ನಷ್ಟೇ ಈಚೆ ತೆಗೆಯುವಾಗ ಮಗಳು ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ.